ನೋಯೆಲ್‌ಗೆ ಅರವತ್ತಾರು ತುಂಬುವ ಮೊದಲು

ಈ ಕಥೆಯನ್ನು ಮೊದಲು ಹೇಳಿದವರು ಒಬ್ಬರಲ್ಲ, ಇಬ್ಬರು. ಹೋದ ಸೆಪ್ಟೆಂಬರಿನ ಒಂದು ಭಾನುವಾರ, ಡರಂ ಸೀಮೆಯ ನಮ್ಮ ಥ್ರಶ್‌ಲಾ ಊರಿನ ಲೀಕ್ ಕ್ಲಬ್ಬಿನ ಮಹಡಿಯಲ್ಲಿ ಹೇಳಿದರು. ಕಲ್ಲಿದ್ದಲ ಗಣಿ ಮುಚ್ಚಿದರೂ ನಮ್ಮಲ್ಲಿ ಲೀಕ್ ಎಂಬ ಈರುಳ್ಳಿ ಜಾತಿಯ ಗಡ್ಡೆ ಬೆಳೆಸುವ ಹುಚ್ಚು ಮುಚ್ಚಲಿಲ್ಲ. ದಪ್ಪ ಗಡ್ಡೆಗೆ ಕಪ್ ಕೊಡುವ ವಾರ್ಷಿಕ ಪ್ರದರ್ಶನದ ಮಾರನೆಯ ಸಂಜೆ ಗೆದ್ದ ಗಡ್ಡೆ, ಸೋತ ಗಡ್ಡೆ ಎಲ್ಲವನ್ನೂ ಒಂದೇ ಹಂಡೆಗೆ ಹಾಕಿ ಸಾರು ಮಾಡಿ ಕುಡಿಯುತ್ತೇವೆ.

ನಾವು ಸಾರಿಗೆ ಬ್ರೆಡ್ಡು ಅದ್ದುತ್ತಿದ್ದಾಗ, ಗಂಡ ನೋಯೆಲ್‌ನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಮ್ಯಾಕ್ಸಿನ್ ಟ್ಯೂಲಿಪ್ ಎದ್ದು ನಿಂತಳು. ಕೈಯಲ್ಲಿ ಕಾಗದಗಳ ಕಟ್ಟು. "ಈ ಅವ್ರಿಲ್ ಹೆಪ್ಪಲ್ ಎಂಥೋಳು ಅಂತ ಎಲ್ರಿಗೂ ಗೊತ್ತಾಗ್ಲಿ," ಎಂದಳು.

ಅವ್ರಿಲ್ ಎದುರು ಮೇಜಿನಲ್ಲೇ ಗಂಡ ಲಾನ್ಸನ ಪಕ್ಕ ಕೂತಿದ್ದಳು. ಚಮಚ ಕೆಳಗಿಟ್ಟಳು. "ಸ್ವಲ್ಪ ತಡಿಯೇ. ನಿನ್ ಕಾಗದಾನೂ ನನ್ ಹತ್ರ ಇವೆ. ಓದೋದೇ ಆದ್ರೆ ತಾರೀಖಿನ ಪ್ರಕಾರ ಓದೋಣ." ಮನೆಗೆ ಹೋಗಿ ತಂದಳು. ಅಷ್ಟು ಹೊತ್ತೂ ಮ್ಯಾಕ್ಸಿನ್ ನಿಂತೇ ಇದ್ದಳು.

ಇಬ್ಬರದೂ ಒಂದೇ ಬೀದಿ. ಗಂಡಂದಿರು ಒಂದೇ ಗಣಿಯಲ್ಲಿ ದುಡಿದವರು, ಪಾತಿಗಳೂ ಅಕ್ಕಪಕ್ಕ. ಮಾತು ಬಿಟ್ಟ ಮೇಲೆ ಇವಳ ಬಾಗಿಲಿಗೆ ಅವಳು ಕಾಲಿಡುವುದಿಲ್ಲವೆಂದು, ನಾಲ್ಕು ಹೆಜ್ಜೆ ದೂರಕ್ಕೆ ಅಂಚೆಚೀಟಿ ಹಚ್ಚಿ ಕಳಿಸುತ್ತಿದ್ದರು. ಮ್ಯಾಕ್ಸಿನ್ ಅವ್ರಿಲ್ ಬರೆದದ್ದನ್ನು ಓದಿದಳು, ಅವ್ರಿಲ್ ಮ್ಯಾಕ್ಸಿನ್ ಬರೆದದ್ದನ್ನು ಓದಿದಳು. ನಾವು ಕೇಳಿದ್ದು ಹೀಗೆ:

೧೨ ಫೆಬ್ರವರಿ ೨೦೨೪

ಮ್ಯಾಕ್ಸಿನ್,

ಬೆಳಿಗ್ಗೆ ಬಂದು ಕಾರು ತೆಗೆದುಕೊಂಡು ಹೋದರು. ಬಂದಾತ ಒಳ್ಳೆಯವನು; ಹಿಂದಿನ ಸೀಟಿನಲ್ಲಿದ್ದ ಲಾನ್ಸನ ಕಂಬಳಿಯನ್ನು ಮಡಚಿ ಕೊಟ್ಟ. ಲಾನ್ಸ್ ಕಿಟಕಿಯ ಹತ್ತಿರ ಬರಲೇ ಇಲ್ಲ.

ಕಾಲಿನ ಹಣ ನಿಂತುಹೋಯಿತು. ಕಾಯಿಲೆಯವರ ಭತ್ಯೆಯಲ್ಲಿ ನಡೆಯಲಾಗದವರಿಗೆಂದು ಬರುವ ಆ ಭಾಗದಿಂದಲೇ ನಮಗೆ ಕಾರು ಇತ್ತು. ಯಾಕೆ ನಿಂತಿತು ಅಂತ ನಿನಗೆ ಗೊತ್ತು. ಸೆಪ್ಟೆಂಬರಿನಲ್ಲಿ ಲಾನ್ಸ್ ಬೆಳ್ಳಿ ಕಪ್ ಗೆದ್ದಾಗ ಪೇಪರಿನವರು ಫೋಟೋ ತೆಗೆದರಲ್ಲ, ಎರಡೂ ಊರುಗೋಲನ್ನು ಪರದೆಯ ಹಿಂದೆ ಬಚ್ಚಿಟ್ಟು ಮೇಜಿಗೆ ಸೊಂಟ ಆನಿಸಿ ನಿಂತಿದ್ದ. ಆ ಫೋಟೋ ಕತ್ತರಿಸಿ ಯಾರೋ ಭತ್ಯೆಯ ಕಚೇರಿಗೆ ಕಳಿಸಿದ್ದಾರೆ. ಪರೀಕ್ಷೆಗೆ ಬಂದ ಹೆಂಗಸು ಅದನ್ನು ಮುಂದಿಟ್ಟು, "ಈ ಪಾತಿ ಅಗೆದೋರು ಯಾರು?" ಎಂದಳು. ಲಾನ್ಸ್ ನನ್ನ ಕಡೆ ತಿರುಗಲಿಲ್ಲ. "ನಾನೇ. ಒಂದೊಂದು ಗುದ್ದಲಿ ಮಣ್ಣೂ ನಂದೇ," ಎಂದ. ಬೇರೆ ಏನು ಹೇಳಿಯಾನು? ಹೆಸರು ಯಾರದೋ ಅವರೇ ಅಗೆದು ಬೆಳೆದಿರಬೇಕು ಎನ್ನುವುದು ಕ್ಲಬ್ಬಿನ ನಿಯಮ.

ಆ ಸಲ ಎರಡನೆಯವನಾಗಿ ಬಂದವನು ಯಾರು, ಮ್ಯಾಕ್ಸಿನ್? ನಿನ್ನ ಗಂಡ ನೋಯೆಲ್. ಸೋತ ದಿನ ಅವನು ನನ್ನ ಗಂಡನ ಕೈ ಕುಲುಕಲಿಲ್ಲ. ಕತ್ತರಿ ಹಿಡಿದವನೂ ಅವನೇ. ಇದನ್ನು ನಾನು ಮರೆಯುವವಳಲ್ಲ.

ಅವ್ರಿಲ್ ಹೆಪ್ಪಲ್

೨೦ ಫೆಬ್ರವರಿ ೨೦೨೪

ಅವ್ರಿಲ್,

ನಿನ್ನ ಕಾಗದವನ್ನು ನೋಯೆಲ್‌ಗೆ ತೋರಿಸಿದೆ. ನಗಲು ಹೋಗಿ ಕೆಮ್ಮು ಬಂತು. ಕಾಲು ಗಂಟೆ ಬೇಕಾಯಿತು ಸಾವರಿಸಿಕೊಳ್ಳಲು. ಆಮೇಲೆ ಹೇಳಿದ: "ಆ ಯಮ್ಮಂಗೆ ಹೇಳು, ನಂಗೆ ಕತ್ತರಿ ಹಿಡಿಯೋಷ್ಟು ಉಸಿರಿದ್ರೆ ಲಾನ್ಸನ ಗಡ್ಡೆಗೇ ಹಾಕ್ತಿದ್ದೆ, ಫೋಟೋಗಲ್ಲ."

ನಮ್ಮ ಮನೆಯವರು ಸರ್ಕಾರಕ್ಕೆ ಕಾಗದ ಬರೆಯುವವರೂ ಅಲ್ಲ, ಸರ್ಕಾರದ ಮುಂದೆ ಬಟ್ಟಲು ಹಿಡಿಯುವವರೂ ಅಲ್ಲ. ಎದೆಯ ತುಂಬ ಗಣಿಯ ಧೂಳು ತುಂಬಿಕೊಂಡೂ ಅವನು ಇವತ್ತಿನವರೆಗೆ ಏನನ್ನೂ ಬೇಡಿಲ್ಲ. ನಿನ್ನ ಗಂಡ ತಾನೇ ಅಗೆದೆ ಎಂದು ತಾನೇ ಹೇಳಿದನಲ್ಲ. ನಮ್ಮನ್ನು ಯಾಕೆ ಬೈಯುತ್ತೀ?

ಮ್ಯಾಕ್ಸಿನ್ ಟ್ಯೂಲಿಪ್

೯ ಜುಲೈ ೨೦೨೪

ಮ್ಯಾಕ್ಸಿನ್,

ಊರಿಗೆಲ್ಲ ಗೊತ್ತಾಗುವ ಮೊದಲು ನನ್ನಿಂದಲೇ ಗೊತ್ತಾಗಲಿ. ನಿನ್ನೆ ಮೇಲ್ಮನವಿಯ ವಿಚಾರಣೆ ಇತ್ತು. ಮೂವರು ಕೂತಿದ್ದರು. ಮಧ್ಯದವರು ಅದೇ ಫೋಟೋ ಎತ್ತಿ ಹಿಡಿದು, "ಈ ಪಾತಿ ನೀವೇ ಅಗೆದಿರಾ, ಹೆಪ್ಪಲ್ ಅವರೇ?" ಎಂದರು. ಲಾನ್ಸ್ ಗಂಟಲು ಸರಿಮಾಡಿಕೊಂಡ. ಅವನು ಮತ್ತೆ ಹೌದು ಅನ್ನುತ್ತಾನೆಂದು ಅವನ ಕಿವಿ ಕೆಂಪಾದ ಬಗೆಯಿಂದಲೇ ನನಗೆ ತಿಳಿಯಿತು. ಮೂವತ್ತು ವರ್ಷ ಕೂಡಿ ಬಾಳಿದ್ದೇನೆ.

ನಾನು ಎದ್ದೆ. ಎರಡೂ ಅಂಗೈ ಮೇಜಿನ ಮೇಲೆ ಮಲಗಿಸಿ ತೋರಿಸಿದೆ. "ಇವು ಅಗೆದಿದ್ದು ಸ್ವಾಮಿ. ನಾಲ್ಕು ವರ್ಷದಿಂದ ಇವೇ ಅಗೀತಿವೆ. ಇವರು ಕುರ್ಚಿ ಹಾಕ್ಕೊಂಡು ಕೂತು, ಅಲ್ಲಿ ಹಾಕು, ಇಲ್ಲಿ ತೆಗಿ, ಅಂತ ಬೈತಾ ಇರ್ತಾರೆ." ಅವರಲ್ಲೊಬ್ಬಾಕೆ ನಕ್ಕುಬಿಟ್ಟಳು. 

ಕಾಲಿನ ಹಣ ಮತ್ತೆ ಸಿಕ್ಕಿತು. ಕಾರೂ ಬರುತ್ತದೆ. ಸಂಜೆ ನಾನೇ ಕಪ್ಪನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕ್ಲಬ್ಬಿಗೆ ಕೊಟ್ಟು ಬಂದೆ. ನಿಯಮ ನಿಯಮವೇ. ಎರಡನೆಯವನಿಗೆ ಕೊಡುತ್ತಾರಂತೆ. ನೋಯೆಲ್‌ಗೆ ಹೇಳು, ಅಂತೂ ಬೇಕಾದದ್ದು ದಕ್ಕಿತಲ್ಲ ಅಂತ. ನನ್ನ ಗಂಡ ಈಗ ಪಾತಿಯ ಕಡೆ ತಲೆ ಹಾಕುವುದಿಲ್ಲ. ಅದಕ್ಕೂ ಒಂದು ಲೆಕ್ಕ ಇದೆ ಅಂತ ನಿನ್ನ ಗಂಡನಿಗೆ ತಿಳಿಸು.

ಅವ್ರಿಲ್

೧೬ ಜುಲೈ ೨೦೨೪

ಅವ್ರಿಲ್,

ಕಪ್ ಬಂತು. ನೋಯೆಲ್ ಒಂದು ದಿನ ಉಜ್ಜಿದ. ಎರಡನೆಯ ದಿನ ಅದರ ಮೇಲೆ ಬಟ್ಟೆ ಮುಚ್ಚಿ, "ಬೇರೆಯವ್ನ ಚಪ್ಪಲಿ ಹಾಕ್ಕೊಂಡಂಗಾಗ್ತಿದೆ," ಎಂದ. ಇಷ್ಟೇ ಹೇಳಬೇಕಿತ್ತು.

ಮ್ಯಾಕ್ಸಿನ್

ಇಲ್ಲಿಗೆ ಮ್ಯಾಕ್ಸಿನ್ ಮುಂದಿನ ಕಾಗದ ಎತ್ತಿಕೊಂಡಳು, ಅದು ನವೆಂಬರಿನದು. ಅವ್ರಿಲ್ ಕೈ ಅಡ್ಡ ಹಿಡಿದಳು. "ಮಧ್ಯೆ ಒಂದಿದೆ. ನಿಂಗೆ ಕಳಿಸ್ಲಿಲ್ಲ, ಅದಕ್ಕೇ ನಿನ್ ಹತ್ರ ಇಲ್ಲ." ಲಾನ್ಸ್ ಹೆಂಡತಿಯ ತೋಳು ಹಿಡಿದು, "ಬೇಡ ಕಣೇ ಅವ್ರಿಲ್, ಕೂತ್ಕೋ," ಎಂದ. ಅವಳು ಕೂರಲಿಲ್ಲ. ತನ್ನ ಕಾಗದವನ್ನು ತಾನೇ ಓದಿದಳು.

೩ ಅಕ್ಟೋಬರ್ ೨೦೨೪

ಮ್ಯಾಕ್ಸಿನ್,

ಇವತ್ತು ನಿಮ್ಮಿಬ್ಬರನ್ನು ಬಸ್ ನಿಲ್ದಾಣದಲ್ಲಿ ಕಂಡೆ. ನೋಯೆಲ್ ಕಂಬವನ್ನು ತಬ್ಬಿಕೊಂಡಿದ್ದ, ತುಟಿ ನೀಲಿ. ನಿನ್ನ ಮೇಲೆ ನನಗೆ ಕರುಣೆಯೇನೂ ಹುಟ್ಟಲಿಲ್ಲ. ಆದರೂ ಒಂದು ವಿಷಯ ಗೊತ್ತಿದ್ದು ಸುಮ್ಮನಿರಬಾರದು.

ಮೇಲ್ಮನವಿಯ ಕಾಲದಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ ಸಲಹೆ ಕೊಡುವ ಹೆಂಗಸು ನನಗೆ ಹೇಳಿದ್ದು ಇದು: ಕಾಲಿನ ಹಣವನ್ನು ಪಿಂಚಣಿಯ ವಯಸ್ಸು ಮುಟ್ಟುವ ಮೊದಲೇ ಕೇಳಬೇಕು. ಮೊದಲೇ ಪಡೆಯುತ್ತಿದ್ದವರಿಗೆ ಆಮೇಲೂ ಬರುತ್ತದೆ. ಒಮ್ಮೆಯೂ ಕೇಳದೆ ಅರವತ್ತಾರು ದಾಟಿದವನಿಗೆ, ಕಾಲು ಕಡಿದು ಬಿದ್ದರೂ ಇಲ್ಲ. ಮೈ ನೋಡಿಕೊಳ್ಳಲು ಇನ್ನೊಬ್ಬರು ಬೇಕಾದವರಿಗೆಂದು ಬೇರೊಂದು ಭತ್ಯೆ ಕೊಡುತ್ತಾರೆ. ಅದರಲ್ಲಿ ಕಾಲಿನ ಭಾಗ ಇಲ್ಲ, ಕಾರಿಲ್ಲ.

ನೋಯೆಲ್ ಕ್ರಿಸ್‌ಮಸ್ ದಿನ ಹುಟ್ಟಿದವನು. ಈ ಸಲ ಅರವತ್ತಾರು. ಅದಕ್ಕೆ ಮೊದಲು ಒಂದು ಫೋನು ಮಾಡಿದರೆ ಸಾಕು. ಫೋನು ಮಾಡಿದ ದಿನವೇ ಕೇಳಿದ ದಿನ ಎಂದು ಲೆಕ್ಕ. ನಂಬರನ್ನು ಕೆಳಗೆ ಬರೆದಿದ್ದೇನೆ.

ಅವ್ರಿಲ್

"ಅಂಚೆಚೀಟಿ ಹಚ್ಚಿದ್ದೆ," ಎಂದಳು ಅವ್ರಿಲ್, ಕಾಗದ ಮಡಚುತ್ತಾ. "ಡಬ್ಬದವರೆಗೂ ಹೋಗಿದ್ದೆ. ನಿಮ್ಮನೆ ಕಿಟಕೀಲಿ ಕಪ್ ಹೊಳೀತಿತ್ತು. ಬಟ್ಟೆ ಮುಚ್ಚಿರ್ಲಿಲ್ಲ. ವಾಪಸ್ ಬಂದೆ."

ಯಾರೂ ಸಾರು ಕುಡಿಯುತ್ತಿರಲಿಲ್ಲ. ಮ್ಯಾಕ್ಸಿನ್ ಆ ಕಾಗದಕ್ಕಾಗಿ ಕೈ ಚಾಚಿದಳು. ಅವ್ರಿಲ್ ಕೊಡಲಿಲ್ಲ. "ಮುಂದಿನದು ನಿಂದು. ನಾನೇ ಓದ್ಬೇಕು," ಎಂದಳು.

೨೪ ನವೆಂಬರ್ ೨೦೨೪

ಅವ್ರಿಲ್,

ಬರೆಯಬಾರದೆಂದಿದ್ದೆ. ಮಂಗಳವಾರ ನೋಯೆಲ್ ಮೆಟ್ಟಿಲ ಮೇಲೆ ಬಿದ್ದ. ಈಗ ಹಾಸಿಗೆಯನ್ನು ಕೆಳಗೇ ಹಾಕಿದ್ದೇನೆ. ಬಾಗಿಲಿಂದ ಬೇಲಿಯವರೆಗೆ ನಡೆಯಲು ಎರಡು ಸಲ ನಿಲ್ಲುತ್ತಾನೆ. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು; ಹೋದ ಸಲ ಎರಡನೆಯ ಬಸ್ಸಿನವನು ಇವನ ಮುಖ ನೋಡಿ, "ಅಜ್ಜನ್ನ ಮನೇಲಿ ಮಲಗ್ಸಮ್ಮ," ಎಂದ.

ನಾನು ಕಾಲಿನ ಹಣ ಕೇಳು ಕೇಳು ಎಂದು ಕಾಡಿದ್ದಕ್ಕೆ ಅಂತೂ ಒಪ್ಪಿದ್ದಾನೆ. ಆದರೆ, "ಈಗಲ್ಲ. ಪಿಂಚಣಿ ಶುರುವಾಗ್ಲಿ. ಆಗ ಹಕ್ಕಿನಿಂದ ಕೇಳ್ಬೋದು, ಭಿಕ್ಷೆ ಅನ್ಸಲ್ಲ," ಎನ್ನುತ್ತಾನೆ. ನನಗೂ ಹಾಗೇ ಅನ್ನಿಸುತ್ತದೆ. ಅರವತ್ತಾರು ಮುಟ್ಟಿದರೆ ಎಲ್ಲ ತಾನಾಗಿ ತೆರೆಯುತ್ತದಂತಲ್ಲ. ನನಗೆ ಪಿಂಚಣಿಗೆ ಇನ್ನೂ ಎಂಟು ವರ್ಷ ಇದೆ. ಇವನದರಿಂದಲೇ ನಮ್ಮಿಬ್ಬರ ಗಾಡಿ ಸಾಗಬೇಕು.

ನಿನಗೆ ಇದೆಲ್ಲ ಗೊತ್ತು. ಕ್ರಿಸ್‌ಮಸ್ ಕಳೆದ ಮೇಲೆ ಕೇಳಿದರೆ ಸಾಕೋ? ಒಂದು ಸಾಲು ಬರೆ. ಹಳೆಯದನ್ನು ಮರೆತುಬಿಡು ಅಂತ ನಾನು ಕೇಳುತ್ತಿಲ್ಲ.

ಮ್ಯಾಕ್ಸಿನ್

೨೮ ನವೆಂಬರ್ ೨೦೨೪

ಮ್ಯಾಕ್ಸಿನ್,

ನೋಯೆಲ್ ಬಿದ್ದದ್ದು ಕೇಳಿದೆ. ಏನೂ ಅವಸರವಿಲ್ಲ. ಹಬ್ಬ ಕಳೆಯಲಿ.

ಅವ್ರಿಲ್

೧೮ ಡಿಸೆಂಬರ್ ೨೦೨೪

ಪ್ರೀತಿಯ ಅವ್ರಿಲ್,

ನಿನ್ನ ಒಂದು ಸಾಲನ್ನು ದಿನವೂ ನೋಡುತ್ತೇನೆ. ನೀನು ಉತ್ತರ ಬರೆಯುತ್ತೀ ಎಂದುಕೊಂಡಿರಲಿಲ್ಲ. ಬರೆದದ್ದು ನೋಡಿ ನಾನು ಅತ್ತೆ. ಅದಕ್ಕೇ ಇದನ್ನು ಹೇಳದೆ ಹಬ್ಬ ಮಾಡಲಾರೆ.

ಫೋಟೋ ಕಳಿಸಿದವಳು ನಾನು. ನೋಯೆಲ್‌ಗೆ ಇವತ್ತಿಗೂ ಗೊತ್ತಿಲ್ಲ.

ಆ ಸೆಪ್ಟೆಂಬರಿನಲ್ಲಿ, ಪ್ರದರ್ಶನವಾದ ವಾರ, ನಾವು ಬಸ್ಸಿಗೆ ನಿಂತಿದ್ದೆವು. ಮಳೆ. ನೋಯೆಲ್ ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟಿದ್ದ. ನಿಮ್ಮ ಕಾರು ಹೋಯಿತು. ಲಾನ್ಸ್ ಬೆಚ್ಚಗೆ ಕೂತಿದ್ದ, ನೀನು ನಡೆಸುತ್ತಿದ್ದೆ. ನೀನು ಕೈ ಬೀಸಿದೆ. ಬೀಸದೆ ಹೋಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಮನೆಗೆ ಬಂದು ಒದ್ದೆ ಕೋಟು ಕೂಡ ತೆಗೆಯದೆ ಕತ್ತರಿ ಹುಡುಕಿದೆ. ನಮ್ಮವನಿಗೆ ಕೇಳಲು ಜಂಬ ಅಡ್ಡ ಬರುತ್ತದೆ, ನಿಮ್ಮವನಿಗೆ ಬರುವುದಿಲ್ಲ. ಹಾಗಾಗಿ ನಿಮಗೆ ಕಾರು, ನನಗೆ ಹೆಗಲು ನೋವು. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ನೋಯೆಲ್‌ನನ್ನು ಬೈಯಬೇಡ. ನನ್ನನ್ನು ಬೈ. ಬೇಕಾದರೆ ಬಂದು ಹೊಡೆ.

ಮ್ಯಾಕ್ಸಿನ್

ಓದಿ ಮುಗಿಸಿದ ಅವ್ರಿಲ್ ತಲೆಯೆತ್ತಿ ನಮ್ಮನ್ನೆಲ್ಲ ನೋಡಿದಳು. ಕ್ಲಬ್ಬಿನ ಕಾರ್ಯದರ್ಶಿ ತನ್ನ ಬಟ್ಟಲಿನೊಳಗೇ ಕಣ್ಣಿಟ್ಟಿದ್ದ. ಹಿಂದಿನ ಮೇಜಿನಿಂದ ಒಬ್ಬಳು, "ಆರು ದಿನ ಇತ್ತಲ್ಲೇ ಇನ್ನೂ," ಎಂದಳು, ಮೆಲ್ಲಗೆ.

"ಇತ್ತು," ಎಂದಳು ಅವ್ರಿಲ್. "ಓದು ಮ್ಯಾಕ್ಸಿನ್."

೨೧ ಡಿಸೆಂಬರ್ ೨೦೨೪

ಮ್ಯಾಕ್ಸಿನ್,

ನಿನ್ನ ಕಾಗದ ತಲುಪಿತು. ಹೇಳಿದ್ದು ಒಳ್ಳೆಯದಾಯಿತು. ಈಗ ಎಲ್ಲ ತಿಳಿಯಾಯಿತು.

ಕ್ರಿಸ್‌ಮಸ್ ಚೆನ್ನಾಗಿ ಮಾಡಿ. ನೋಯೆಲ್‌ಗೆ ಅರವತ್ತಾರರ ಶುಭಾಶಯ ಹೇಳು. ಅವನ ದಿನ ಅವನು ನೆಮ್ಮದಿಯಿಂದ ಇರಲಿ. ಫೋನು, ಕಚೇರಿ ಅಂತ ಹಬ್ಬದಲ್ಲಿ ತಲೆಕೆಡಿಸಿಕೊಳ್ಳಬೇಡಿ.

ಅವ್ರಿಲ್

೮ ಜನವರಿ ೨೦೨೫

ಅವ್ರಿಲ್,

ಎರಡನೆಯ ತಾರೀಖು ಫೋನು ಮಾಡಿದೆವು. ನೋಯೆಲ್ ಬೂಟು ಹಾಕಿ, ತಲೆ ಬಾಚಿ ಕೂತಿದ್ದ, ಆ ಕಡೆಯವರಿಗೆ ಕಾಣುತ್ತದೇನೋ ಎಂಬಂತೆ. ಹುಟ್ಟಿದ ದಿನ ಹೇಳಿದ. ಆ ಕಡೆಯ ಹುಡುಗಿ ಅದನ್ನು ಎರಡು ಸಲ ಕೇಳಿ ಬರೆದುಕೊಂಡಳು. ಆಮೇಲೆ, "ಅಯ್ಯೋ, ಕ್ರಿಸ್‌ಮಸ್‌ಗೆ ಮುಂಚೆ ಮಾಡಿದ್ರೆ ಆಗ್ತಿತ್ತಲ್ಲ ಸರ್," ಎಂದಳು. ಅವಳ ದನಿಯಲ್ಲೇ ಅಳು ಇತ್ತು. ಇವನು ಅವಳನ್ನೇ ಸಮಾಧಾನ ಮಾಡಿದ: "ಪರ್ವಾಗಿಲ್ಲ ಕಣಮ್ಮ, ನಿಂದೇನು ತಪ್ಪು."

ಬೇರೆ ಭತ್ಯೆಗೆ ಕಾಗದ ಕಳಿಸುತ್ತಾರಂತೆ. ಕಾಲಿಗೆ ಇಲ್ಲ. ಇನ್ನು ಎಂದೂ ಇಲ್ಲ.

ನೋಯೆಲ್ ಫೋನು ಇಟ್ಟು, "ನಾನೇ ತಡ ಮಾಡ್ದೆ. ನನ್ ಜಂಬಕ್ಕೆ ಸರಿಯಾಯ್ತು," ಎಂದ. ನಾನು ಒಳಗೆ ಹೋಗಿ ನಿನ್ನ ಎರಡು ಕಾಗದ ತೆಗೆದೆ. ಅವಸರವಿಲ್ಲ. ತಲೆಕೆಡಿಸಿಕೊಳ್ಳಬೇಡಿ.

ನಿನಗೆ ಗೊತ್ತಿತ್ತು. ಚರ್ಚಿನ ಕೋಣೆಯಲ್ಲಿ ನಿನಗೆ ಎಲ್ಲ ಹೇಳಿದ್ದಾರೆ. ಆ ಹೆಂಗಸನ್ನೇ ಕೇಳಿ ಬಂದೆ. ನಾನು ನಿನಗೆ ಮಾಡಿದ್ದು ಕೆಟ್ಟದ್ದು. ಆದರೆ ನಿಂತ ಹಣ ನಿನಗೆ ತಿರುಗಿ ಬಂತು, ಕಾರೂ ಬಂತು. ನನ್ನದು ತಿರುಗಿ ಬರುವುದಿಲ್ಲ. ನೋಯೆಲ್ ನಿನಗೆ ಏನು ಮಾಡಿದ್ದ? ರಾತ್ರಿ ನಿನಗೆ ನಿದ್ದೆ ಬರುತ್ತದೆಯೇ?

ಮ್ಯಾಕ್ಸಿನ್

೧೨ ಜನವರಿ ೨೦೨೫

ಮ್ಯಾಕ್ಸಿನ್,

ಗೊತ್ತಿತ್ತು. ನಿದ್ದೆ ಬರುತ್ತದೆ.

ನೋಯೆಲ್ ನನಗೆ ಏನೂ ಮಾಡಿರಲಿಲ್ಲ. ಲಾನ್ಸ್ ನಿನಗೆ ಏನು ಮಾಡಿದ್ದ? ಕಾರಿಲ್ಲದ ಅಷ್ಟು ತಿಂಗಳೂ, ವಿಚಾರಣೆಯ ದಿನ ಬಿಟ್ಟರೆ, ಅವನು ನಮ್ಮ ಬಾಗಿಲು ದಾಟಲಿಲ್ಲ. ಅವನ ಅಕ್ಕ ಸತ್ತಾಗ ಮಣ್ಣಿಗೂ ಹೋಗಲಾಗಲಿಲ್ಲ. ಕಪ್ ಹೋದ ಮೇಲೆ ಅವನು ಬೀಜದ ಡಬ್ಬಗಳನ್ನು ಒಲೆಗೆ ಹಾಕಿದ. ಅದು ಯಾವುದೂ ತಿರುಗಿ ಬಂದಿಲ್ಲ.

ಕೈ ಬೀಸಿದೆ ಎಂದೆಯಲ್ಲ. ಅವತ್ತು ನಾನು ಗಾಡಿಯ ವೇಗ ಇಳಿಸಿದ್ದೆ. ನಿಲ್ಲಿಸಲಾ, ಹತ್ತುತ್ತೀರಾ ಅಂತ ಕೈ ಮಾಡಿ ಕೇಳಿದೆ. ನೀನು ಚೀಲದಲ್ಲಿ ಏನೋ ಹುಡುಕುತ್ತಿದ್ದೆ. ನೋಯೆಲ್ ನೋಡಿದ, ಬೇಡ ಅಂತ ತಲೆ ಆಡಿಸಿದ. ಹೋಗಿ ಕೇಳು ಅವನನ್ನು.

ಕಾರು ನಮ್ಮ ಬಾಗಿಲಲ್ಲೇ ನಿಂತಿರುತ್ತದೆ. ಆಸ್ಪತ್ರೆಗೆ ಹೋಗುವ ದಿನ ಬಂದು ಬಾಗಿಲು ತಟ್ಟು. ಬಾಯಿಬಿಟ್ಟು ಕೇಳು, ಲಾನ್ಸನ ಎದುರಿಗೆ, ಯಾಕೆ ಕಾರು ಬೇಕು, ನೋಯೆಲ್ ಏನೇನು ಮಾಡಲಾರ ಅಂತ ಒಂದೊಂದಾಗಿ ಹೇಳಿ ಕೇಳು. ಕರೆದುಕೊಂಡು ಹೋಗುತ್ತೇನೆ. ಇನ್ನು ಕಾಗದ ಬರೆದರೆ ಒಡೆಯುವುದಿಲ್ಲ.

ಅವ್ರಿಲ್ ಹೆಪ್ಪಲ್

ಮ್ಯಾಕ್ಸಿನ್ ಓದಿ ಮುಗಿಸಿ ಕಾಗದವನ್ನು ನಾಲ್ಕಾಗಿ ಮಡಚಿದಳು. ಹಂಡೆಯಲ್ಲಿ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಕಾರ್ಯದರ್ಶಿ ಕೇಳಿಯೇಬಿಟ್ಟ: "ಜನವರಿಯಿಂದ ಇವತ್ತಿಗೆ... ಬಾಗ್ಲು ತಟ್ಟಿದ್ಯಾ, ಮ್ಯಾಕ್ಸಿನ್?"

"ತಟ್ಟಿಲ್ಲ."

"ಆಸ್ಪತ್ರೆಗೆ?"

"ಹೋಗಿಲ್ಲ. ನೋಯೆಲ್‌ಗೆ ಅವ್ಳು ಹೇಳಿದ್ದು ಹೇಳ್ದೆ, ಬಸ್ಸಿನ ಹತ್ರ ತಲೆ ಆಡ್ಸಿದ್ದು ಹೌದಾ ಅಂತ ಕೇಳ್ದೆ. ಗೋಡೆ ಕಡೆ ತಿರುಗ್ದ. ಅವತ್ತಿಂದ ಆಸ್ಪತ್ರೆ ಅಂದ್ರೆ ಸಾಕು, ಬೇಡ ಅಂತಾನೆ."

ಲಾನ್ಸ್ ಊರುಗೋಲುಗಳನ್ನು ಹುಡುಕಿ ಎದ್ದ. "ನಾನೇ ಬರ್ತೀನಿ ಅವ್ನ ಹತ್ರ. ಯಾರೂ ತಟ್ಟೋದು ಬೇಡ," ಎಂದ. ಎರಡು ಹೆಜ್ಜೆ ಇಟ್ಟಿದ್ದ. "ಕೂತ್ಕೊಳ್ರೀ," ಎಂದಳು ಅವ್ರಿಲ್. "ಕೂತ್ಕೊಳ್ಳಿ ಲಾನ್ಸ್," ಎಂದಳು ಮ್ಯಾಕ್ಸಿನ್ ಕೂಡ, ಅದೇ ದನಿಯಲ್ಲಿ. ಅವನು ಕೂತ. ಹೆಂಗಸರಿಬ್ಬರೂ ಕೋಟು ಹಾಕಿಕೊಂಡು, ಒಬ್ಬಳು ಆ ಬಾಗಿಲಿನಿಂದ, ಇನ್ನೊಬ್ಬಳು ಈ ಬಾಗಿಲಿನಿಂದ ಹೋದರು.

ನಾವು ಉಳಿದವರು ಅವರ ಬಗ್ಗೆ ಮಾತಾಡಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗಂಡಸರೆಲ್ಲ ಹುಟ್ಟಿದ ತಿಂಗಳು ಹೇಳಿಕೊಂಡರು, ಹೆಂಗಸರು ಬೆರಳು ಮಡಚಿ ಎಣಿಸಿದರು.

ಮಾರನೆಯ ಬೆಳಿಗ್ಗೆ ಸೋಮವಾರ. ಕಚೇರಿ ತೆರೆಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಗಣಿಯಲ್ಲಿ ಮೈ ಕೆಡಿಸಿಕೊಂಡ ಅರವತ್ತೈದರ ಗಂಡಸಿದ್ದ ಮನೆಯಲ್ಲೆಲ್ಲ ಗಂಡ ಫೋನಿನ ಪಕ್ಕದ ಕುರ್ಚಿಯಲ್ಲಿ, ಹೆಂಡತಿ ಕಿವಿಗೆ ಕೇಳುವಷ್ಟು ದೂರದಲ್ಲಿ. ನನಗೂ ಅರವತ್ತೈದು. ನಮ್ಮ ಮನೆಗಳ ಗೋಡೆ ತೆಳು. ಫೋನಿನಲ್ಲಿ ಕಾಯಿಸುವಾಗ ಹಾಕುವ ಪಿಟೀಲು ನನ್ನ ಕಿವಿಯಲ್ಲೂ ಇತ್ತು, ಎಡಗಡೆ ಮನೆಯಲ್ಲೂ ಇತ್ತು, ಬಲಗಡೆ ಮನೆಯಲ್ಲೂ, ಒಂದಕ್ಕೊಂದು ಸ್ವಲ್ಪ ಹಿಂದುಮುಂದಾಗಿ. ಬಲಗಡೆಯ ಪಿಟೀಲು ಮೊದಲು ನಿಂತಿತು. ಅಲ್ಲಿರುವವನು ರಿಡ್ಲಿ ಡಾಡ್ಸ್. ಕ್ಲಬ್ಬಿನಲ್ಲಿ ಅವನ ದನಿಗೆ ಗಾಜು ಅದುರುತ್ತದೆ. ಅವತ್ತು ಅವನ ಮಾತು ಕೇಳಲು ನಾನು ಉಸಿರು ಬಿಗಿಹಿಡಿಯಬೇಕಾಯಿತು.

"ಇಲ್ಲ ತಾಯಿ," ಎನ್ನುತ್ತಿದ್ದ. "ಕಾಲುಚೀಲ ನಾನೇ ಹಾಕ್ಕೊಳ್ಳೋಕಾಗಲ್ಲ. ಇಲ್ಲ. ಅದೂ ಆಗಲ್ಲ. ಅವ್ಳೇ ತೊಳೀತಾಳೆ."

ಆಮೇಲೆ ನನ್ನ ಕಿವಿಯ ಪಿಟೀಲೂ ನಿಂತಿತು. ಯಾರೋ ಹುಡುಗಿ ನನ್ನ ಹೆಸರು ಕೇಳಿದಳು. ನನ್ನ ಹೆಂಡತಿ ನಲ್ಲಿ ನಿಲ್ಲಿಸಿ, ಬಾಗಿಲ ಹತ್ತಿರ ಬಂದು ನಿಂತಳು, ನಾನು ಏನೇನು ಹೇಳುತ್ತೇನೆಂದು ಕೇಳಲು.